ಎಡಗೈಯಲ್ಲಿ ಹೆಣೆದ ನಾಲ್ಕು ಕುಂಡಗಳು

೧೯೯೮ರ ಜೂನ್ ೧೪, ಭಾನುವಾರ, ಸಂಜೆ ನಾಲ್ಕೂವರೆ. ಭದ್ರಾವತಿಯ ಕಾಗದನಗರದಲ್ಲಿ ದೊಡ್ಡಮ್ಮನ ಕ್ವಾರ್ಟರ್ಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ನಾನು ಮೊದಲ ಸಲ ಕ್ರೋಶಾ ಕಡ್ಡಿ ಹಿಡಿದೆ. ಎಡಗೈಯಲ್ಲಿ ಹಿಡಿದೆ. ನಾಲ್ಕೂ ಮೂವತ್ತೈದಕ್ಕೆ ದೊಡ್ಡಮ್ಮ ಅದೇ ಕೈಯ ಮೇಲೆ ಹೊಡೆದಳು. ನನ್ನ ಡೈರಿಯ ಆ ದಿನದ ಪುಟದಲ್ಲಿ ಎರಡೂ ಒಂದರ ಕೆಳಗೆ ಒಂದು ಇವೆ.

ನನಗೆ ಆಗ ಹದಿನೆಂಟು. ಪಿಯುಸಿ ಮುಗಿದು ಶಿವಮೊಗ್ಗದಲ್ಲಿ ಬಿ.ಕಾಂ.ಗೆ ಸೇರಿದ್ದೆ, ಕಾಲೇಜು ಇನ್ನೂ ಶುರುವಾಗಿರಲಿಲ್ಲ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ದೊಡ್ಡಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಅವರ ಒಬ್ಬಳೇ ಮಗಳು, ನಾನು ಅಕ್ಕ ಎಂದು ಕರೆಯುವವಳು, ನನಗಿಂತ ಐದು ವರ್ಷ ದೊಡ್ಡವಳು. ಅವಳಿಗೆ ಗಂಡು ಹುಡುಕುತ್ತಿದ್ದರು. ಬಂದವರೆಲ್ಲ ಹುಡುಗಿಗೆ ಏನೇನು ಬರುತ್ತದೆ ಎಂದು ಕೇಳುತ್ತಿದ್ದರು. ಅಡಿಗೆ ಬರುತ್ತದೆ ಎಂದರೆ ಅದು ಎಲ್ಲರಿಗೂ ಬರುತ್ತದಲ್ಲ ಎನ್ನುವ ಮುಖ. ಆದ್ದರಿಂದ ಪಕ್ಕದ ಮನೆಯ ತಮಿಳು ಆಂಟಿಯಿಂದ ಅಕ್ಕನಿಗೆ ಕ್ರೋಶಾ ಕಲಿಸುವುದೆಂದು ತೀರ್ಮಾನವಾಗಿತ್ತು. ಆ ಆಂಟಿ ವೈರಿನ ಬುಟ್ಟಿ ಹಾಕುವುದರಲ್ಲೂ ಕ್ರೋಶಾದಲ್ಲೂ ಇಡೀ ಬೀದಿಗೆ ಹೆಸರಾಗಿದ್ದವರು. ಅಕ್ಕನಿಗೆ ಆಸಕ್ತಿ ಇರಲಿಲ್ಲ. ಅವಳಿಗೆ ಮಾತು ಬರುತ್ತಿತ್ತು, ಕೈಕೆಲಸ ಬರುತ್ತಿರಲಿಲ್ಲ. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದವಳು ಬಿಡುವಾಗಿದ್ದ ಇನ್ನೊಂದು ಕಡ್ಡಿಯನ್ನು ಎತ್ತಿಕೊಂಡೆ.

"ಬಲಗೈ, ಬಲಗೈ!" ಎಂದು ದೊಡ್ಡಮ್ಮ ಕೂಗಿದಳು. "ಉಲ್ಲನ್ನಿಗೂ ಎಡಗೈ ತಾಗಿಸ್ತೀಯಲ್ಲೇ, ದರಿದ್ರ."

"ಇವಳು ಎಡಗೈ, ನಾನು ಬಲಗೈ. ಎಂಗೆ ಹೇಳ್ಕೊಡ್ಲಿ ಕಣ್ಣು?" ಎಂದು ಆಂಟಿ ನನ್ನನ್ನು ನೋಡಿ ನಕ್ಕರು. ಕಣ್ಣು ಎಂಬುದು ಅವರ ತಮಿಳಿನ ಮುದ್ದಿನ ಕರೆ.

ನನ್ನ ಎಡಗೈಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಎಡಚಿ. ಮೂರನೇ ವರ್ಷದಲ್ಲಿ ಊಟವನ್ನು ಬಲಗೈಗೆ ದಾಟಿಸಿದರು. ಐದನೇ ವರ್ಷದಲ್ಲಿ ಬಳಪ. ಆಮೇಲೆ ಬಾಚಣಿಗೆ, ಚಾಕು, ಪೊರಕೆ, ದೇವರಿಗೆ ಹೂ ಹಾಕುವುದು, ಅಂಗಡಿಯವನ ಕೈಗೆ ದುಡ್ಡು ಕೊಡುವುದು. ಅಮ್ಮ ಹೊಡೆಯುತ್ತಿದ್ದುದು ಕಡಿಮೆ, ದೊಡ್ಡಮ್ಮನದೇ ಹೆಚ್ಚು. ರಜಕ್ಕೆ ಅವಳ ಮನೆಗೆ ಹೋದರೆ ನನ್ನ ಎಡಗೈಗೆ ಒಂದು ಹಳೇ ರವಿಕೆಯ ತೋಳು ತೊಡಿಸಿ, ಬೆರಳು ಆಚೆ ಬಾರದಂತೆ ತುದಿಗೆ ಗಂಟು ಹಾಕುತ್ತಿದ್ದಳು. ಅದನ್ನು ಹಾಕಿಕೊಂಡೇ ನಾನು ಅವರ ಮನೆಯ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದ್ದೇನೆ. ಬೀದಿಯ ಮಕ್ಕಳು ಮೂಟೆಕೈ ಎನ್ನುತ್ತಿದ್ದರು. ಹೀಗೆ ಒಂದೊಂದಾಗಿ ಎಲ್ಲ ಕೆಲಸವೂ ಬಲಗೈಗೆ ಹೋಯಿತು. ಕ್ರೋಶಾ ಕಡ್ಡಿಯೊಂದೇ, ಯಾರೂ ಬಂದು ತಿದ್ದುವ ಮೊದಲು ಎಡಗೈಗೆ ಸಿಕ್ಕಿದ್ದು. ಅದನ್ನು ಬಿಡಬಾರದು ಎಂದು ಆ ಮೆಟ್ಟಿಲ ಮೇಲೆ, ಕೈ ಉರಿಯುತ್ತಿರುವಾಗಲೇ, ನಿಶ್ಚಯಿಸಿದೆ.

ದಾರಿ ತೋರಿಸಿದವರು ಆಂಟಿಯೇ. ದೊಡ್ಡಮ್ಮ ಒಳಗೆ ಹೋದ ಮೇಲೆ, "ಪಕ್ಕದಲ್ಲಿ ಕೂರಬೇಡ ಕಣ್ಣು, ಎದುರಿಗೆ ಕೂರು. ಕನ್ನಡಿ ನೋಡ್ದಂಗೆ ನೋಡು" ಎಂದರು. ಎದುರಿಗೆ ಕೂತೆ. ಅವರ ಬಲಗೈ ನನ್ನ ಎಡಗೈಗೆ ಸರಿಯಾಗಿ ಎದುರಾಯಿತು. ಅವರ ಕಡ್ಡಿ ದಾರವನ್ನು ಎಳೆದ ಕಡೆಗೆ ನನ್ನದೂ ಎಳೆಯಿತು. ಕತ್ತಲಾಗುವ ಹೊತ್ತಿಗೆ ನನಗೆ ಒಂದು ಮೊಳ ಚೈನು, ಎಂದರೆ ಸರಪಳಿ ಹೊಲಿಗೆ, ಬಂದಿತ್ತು. ಅಕ್ಕನಿಗೆ ಒಂದು ಗಂಟು ಬಂದಿತ್ತು.

ಶಿವಮೊಗ್ಗದಲ್ಲಿ ನಮ್ಮ ಮನೆ ರಾಗಿಗುಡ್ಡದ ಕಡೆ. ಅಲ್ಲಿ ಎದುರಿಗೆ ಕೂರಲು ಆಂಟಿ ಇರಲಿಲ್ಲ. ಇದ್ದದ್ದು ಹಳೆಯ ವಾರಪತ್ರಿಕೆಯಿಂದ ಹರಿದಿಟ್ಟುಕೊಂಡ ಒಂದು ಹಾಳೆ: ಶೋಕೇಸಿಗೆ ಇಡುವ ಪುಟ್ಟ ಹೂಕುಂಡ, ಗಿಡ ಸಮೇತ, ಹೆಣೆಯುವ ವಿಧಾನ. ಎಲ್ಲವೂ ಬಲಗೈಯವರಿಗೆ. "ಬಲದಿಂದ ಎಡಕ್ಕೆ" ಎಂದಿದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ ತಿರುಗಿಸಿ ಬರೆದುಕೊಂಡೆ. ಚಿತ್ರಗಳನ್ನು ಅಮ್ಮನ ಕನ್ನಡಿಯ ಮುಂದೆ ಹಿಡಿದು ನೋಡಿಕೊಂಡೆ. ಇಷ್ಟು ಬರೆದವರಿಗೆ ಕೊನೆಯಲ್ಲಿ, ಎಡಗೈಯವರು ಇದನ್ನು ತಿರುಗಿಸಿಕೊಳ್ಳಿ ಎಂಬ ಒಂದು ಸಾಲು ಸೇರಿಸಲು ಏನಾಗಿತ್ತೋ! ನಾವು ಇದ್ದೇವೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ.

ಉಲ್ಲನ್ನನ್ನು ಗಾಂಧಿ ಬಜಾರಿನಿಂದ ತಂದೆ. ಕುಂಡಕ್ಕೆ ಇಟ್ಟಿಗೆ ಬಣ್ಣ, ಗಿಡಕ್ಕೆ ಹಸಿರು. ಕುಂಡದ ತಳ ಒಂದು ಸಣ್ಣ ಉಂಗುರದಿಂದ ಶುರುವಾಗುತ್ತದೆ. ಉಂಗುರದಲ್ಲಿ ಆರು ಹೊಲಿಗೆ, ಮುಂದಿನ ಸುತ್ತಿನಲ್ಲಿ ಹನ್ನೆರಡು, ಅದರ ಮುಂದೆ ಹದಿನೆಂಟು. ತಳ ಸಾಕಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಗೋಡೆ ತಾನಾಗಿ ಏಳುತ್ತದೆ. ಹೇಳುವುದಕ್ಕೆ ಇಷ್ಟೇ. ನನ್ನ ಮೊದಲನೆಯದು ಗೋಡೆಯೇ ಏಳದೆ ನೀರುದೋಸೆಯಂತೆ ಅಂಚು ಮಡಚಿಕೊಂಡು ಮಲಗಿತು, ಏಕೆಂದರೆ ಹೆಚ್ಚಿಸುವುದನ್ನು ನಾನು ನಿಲ್ಲಿಸಿರಲಿಲ್ಲ. ಎರಡನೆಯದರಲ್ಲಿ ಬೇಗ ನಿಲ್ಲಿಸಿದೆ. ಅದು ಕೂಸಿನ ಟೋಪಿಯಾಯಿತು. ಅಮ್ಮ ಅದನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಕವುಚಿದಳು. ಸುತ್ತು ಎಲ್ಲಿ ಶುರುವಾಯಿತೆಂದು ಮರೆತು ಮೂರನೆಯದು ಒಂದು ಕಡೆಗೆ ವಾಲಿತು. ಆಮೇಲೆ ಸುತ್ತಿನ ಮೊದಲ ಹೊಲಿಗೆಗೆ ಒಂದು ಪಿನ್ನು ಚುಚ್ಚಿಟ್ಟುಕೊಳ್ಳುವುದನ್ನು ಕಲಿತೆ. ಮೊದಲ ಸರಿಯಾದ ಕುಂಡ ಬರುವವರೆಗೆ ಪೂರಾ ಬಿಚ್ಚಿದ್ದು ಹನ್ನೊಂದು ಸಲ. ಬಿಚ್ಚಿ ಬಿಚ್ಚಿ ಉಲ್ಲನ್ನು ತೆಂಗಿನಕಾಯಿಯ ಜುಂಜಿನಂತಾಗಿತ್ತು.

ಕುಂಡ ನೆಟ್ಟಗೆ ನಿಲ್ಲಲು ಒಳಗೆ ಫೋಟೋ ರೀಲಿನ ಕಪ್ಪು ಡಬ್ಬಿ ಇಟ್ಟೆ. ಸ್ಟುಡಿಯೋದವನು ಅಂಥವನ್ನು ಚೀಲಗಟ್ಟಲೆ ಬಿಸಾಡುತ್ತಿದ್ದ. ಡಬ್ಬಿಗೆ ಭಾರಕ್ಕೆ ಸಣ್ಣ ಜಲ್ಲಿ, ಕಾಂಡಕ್ಕೆ ಕಂಬಿ ಕಟ್ಟುವ ತಂತಿ.

ಪತ್ರಿಕೆಯ ಹಾಳೆಯಲ್ಲಿ, ಹೊಸಬರಿಗೆ ಸುಲಭವೆಂದು, ಮೊದಲ ಗಿಡವಾಗಿ ಪಾಪಸುಕಳ್ಳಿ ಕೊಟ್ಟಿದ್ದರು. ಉದ್ದಕ್ಕೆ ಒಂದು ಕೊಳವೆ ಹೆಣೆದು ಹತ್ತಿ ತುಂಬಿ ತುದಿಗೆ ಕೆಂಪು ಹೂ ಹೊಲಿದರೆ ಆಯಿತು. ಅದನ್ನು ಟೀವಿಯ ಮೇಲೆ ಇಟ್ಟ ದಿನ ಅಮ್ಮ ಬಾಗಿಲಲ್ಲೇ ನಿಂತಳು.

"ಮುಳ್ಳಿನ ಗಿಡ ಮನೆಯೊಳಗೆ ಇಡಬಾರದು."

"ಅಮ್ಮ, ಉಲ್ಲನ್ನಿನದು."

"ಉಲ್ಲನ್ನಿಂದಾದ್ರೇನು? ನೋಡಿದೋರಿಗೆ ಕಳ್ಳಿ ತಾನೇ? ಮನೇಲಿ ಜಗಳ ಆಗುತ್ತೆ."

"ಈಗ ಆಗ್ತಾ ಇರೋದೇನು ಮತ್ತೆ?"

ಕಳ್ಳಿಯನ್ನು ಕಿಟಕಿಯ ಆಚೆ ಕಟ್ಟೆಯ ಮೇಲಿಟ್ಟೆ. ಆಮೇಲೆ ದಾಸವಾಳ, ಲೋಳೆಸರ, ಗುಲಾಬಿ ಹೆಣೆದೆ. ದಾಸವಾಳದ ದಳಗಳು ಎಷ್ಟು ಹೆಣೆದರೂ ಜೋತುಬಿದ್ದವು. ಸೀರೆಗೆ ಹಾಕುವ ಗಂಜಿಯಲ್ಲಿ ಅದ್ದಿ, ಅಚ್ಚಿಗೆಂದು ಚಮಚದ ಬೆನ್ನಿನ ಮೇಲಿಟ್ಟು ಒಣಗಿಸಿದೆ. ಮರುದಿನ ಇರುವೆಗಳು ಸಾಲುಗಟ್ಟಿದ್ದವು. ಗಂಜಿಯಲ್ಲಿ ಅನ್ನದ ಅಗುಳು ಉಳಿದಿತ್ತು. ಬಟ್ಟೆಯಲ್ಲಿ ಸೋಸಿ ಮತ್ತೆ ಮಾಡಿದೆ. ಅಕ್ಟೋಬರ್ ಕೊನೆಗೆ ಕಳ್ಳಿಯೂ ಸೇರಿ ನಾಲ್ಕು ಕುಂಡಗಳಾದವು. ಕಳ್ಳಿಯನ್ನು ಅಮ್ಮನೇ ಒಳಗೆ ತಂದಳು. ಕಟ್ಟೆಯ ಮೇಲೆ ಧೂಳು ಕೂರುತ್ತದೆ ಎಂದು ನೆಪ. ನಾನು ಒಬ್ಬಳೇ ಇದ್ದಾಗ ಅವನ್ನು ಕವುಚಿ ತಳ ನೋಡುತ್ತಿದ್ದೆ. ಉಂಗುರದಿಂದ ಹೊರಟ ಸುತ್ತುಗಳು ಗಡಿಯಾರದ ಮುಳ್ಳು ಹೋಗುವ ಕಡೆಗೆ ಹೋಗಿದ್ದವು. ಆಂಟಿಯ ಮನೆಯ ಟೀವಿ ಕವರಿನಲ್ಲಿ ಅವು ಅದಕ್ಕೆ ತಿರುಗಾಮುರುಗಾ ಹೋಗುತ್ತಿದ್ದವು. ಇದು ನನ್ನ ಕೈ ಎಂದು ಗುರುತು ಹೇಳಲು ಬೇರೇನೂ ಬೇಕಿರಲಿಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಟೀವಿಯ ಮೇಲೆ ಏನೂ ಇರಲಿಲ್ಲ.

"ದೊಡ್ಡಮ್ಮ ಬಂದಿದ್ಲು. ಭಾನುವಾರ ಗಂಡಿನ ಕಡೆಯೋರು ಬರ್ತಾರಂತೆ, ಇಲ್ಲೇ ಶಿವಮೊಗ್ಗದ ನವುಲೆಯವರು. ಶೋಕೇಸು ಬೋಳಾಗಿದೆ ಅಂದ್ಲು, ಕೊಟ್ಟೆ" ಎಂದಳು ಅಮ್ಮ.

"ನನ್ನನ್ನ ಕೇಳದೆ?"

"ಉಲ್ಲನ್ ಗಿಡ ತಾನೇ ಮಾರಾಯ್ತಿ, ಬಂಗಾರ ಕೊಟ್ಟೋಳ ಥರ ಆಡ್ತೀಯಲ್ಲ. ಬಂದು ನೋಡ್ಕೊಂಡು ಹೋಗ್ಲಿ, ವಾಪಸ್ ತರ್ತಾಳೆ."

"ಎಡಗೈಯಲ್ಲಿ ಹಾಕಿದ್ದು ದರಿದ್ರ ಅಂದೋಳಿಗೆ ಎಡಗೈಯಲ್ಲಿ ಹಾಕಿದ್ದೇ ಬೇಕಾಯ್ತಾ?"

ಅಮ್ಮ ಎದ್ದು ಅಡಿಗೆಮನೆಗೆ ಹೋದಳು. ದೊಡ್ಡಮ್ಮ ಕುಂಡಗಳನ್ನು ತೋರಿಸಲಿ, ಅದು ದೊಡ್ಡ ಮಾತಲ್ಲ. ಆದರೆ ಯಾರು ಮಾಡಿದ್ದೆಂದು ಕೇಳಿದಾಗ ನನ್ನ ತಂಗಿಯ ಮಗಳು ಎಂದು ಹೇಳಬೇಕು. ನನಗೆ ಬೇಕಾಗಿದ್ದುದು ಅಷ್ಟೇ, ಆ ಒಂದು ಮಾತು. ಆ ಮಾತನ್ನು ಕೇಳಲೆಂದೇ ಭಾನುವಾರ, ನವೆಂಬರ್ ೨೨ರಂದು, ಬೆಳಿಗ್ಗೆಯ ಬಸ್ಸಿಗೆ ಅಮ್ಮನ ಜೊತೆ ಭದ್ರಾವತಿಗೆ ಹೋದೆ.

ನನಗೆ ಅಡಿಗೆಮನೆಯಲ್ಲಿ ಕಾಫಿ ಬಗ್ಗಿಸುವ ಕೆಲಸ. "ತಟ್ಟೆ ಹಿಡ್ಕೊಂಡು ಹೊರಗೆ ಬರಬೇಡ. ನೀನು ಮರೆತು ಎಡಗೈಲಿ ಕೊಟ್ಟುಬಿಡ್ತೀಯ. ಇವತ್ತೊಂದು ದಿನ ನನ್ನ ಮಾನ ಉಳಿಸು" ಎಂದು ದೊಡ್ಡಮ್ಮ ಎಚ್ಚರಿಸಿದ್ದಳು. ಅಡಿಗೆಮನೆಗೂ ಹಾಲಿಗೂ ನಡುವೆ ಒಂದು ಹೂವಿನ ಪರದೆ. ಅದರ ಸಂದಿಯಲ್ಲಿ ಶೋಕೇಸು ಕಾಣುತ್ತಿತ್ತು. ಒಂದು ಗಾಜಿನ ಬಾತುಕೋಳಿ, ಸ್ಟೀಲಿನ ಒಂದು ಬಹುಮಾನದ ಕಪ್ಪು, ನಡುವೆ ಸಾಲಾಗಿ ನನ್ನ ನಾಲ್ಕು ಕುಂಡಗಳು. ಕಳ್ಳಿಯೂ ಇತ್ತು. ಅವರ ಮನೆಯಲ್ಲಿ ಮುಳ್ಳಿನಿಂದ ಜಗಳವಾಗುವುದಿಲ್ಲ ಎಂದು ಕಾಣುತ್ತದೆ.

ಹುಡುಗ ನೆಲ ನೋಡಿಕೊಂಡು ಕೂತಿದ್ದ. ಮಾತೆಲ್ಲ ಅವನ ತಾಯಿಯದು. ದಪ್ಪ ಕನ್ನಡಕದ ಹೆಂಗಸು. ಉಪ್ಪಿಟ್ಟು ಮುಗಿದ ಮೇಲೆ ಅವರ ಕಣ್ಣು ಶೋಕೇಸಿನ ಕಡೆ ಹೋಯಿತು.

"ಇದ್ಯಾರು ಹಾಕಿದ್ದು? ಚೆನ್ನಾಗಿದೆ."

"ಎಲ್ಲ ಇವಳೇ. ಸುಮ್ಮನೆ ಕೂರೋ ಹುಡುಗಿಯೇ ಅಲ್ಲ" ಎಂದಳು ದೊಡ್ಡಮ್ಮ. ಹೇಳಲು ಒಂದು ಕ್ಷಣವೂ ತಡವಾಗಲಿಲ್ಲ. ನನ್ನ ಪಕ್ಕದಲ್ಲಿ ಅಮ್ಮ ಲೋಟ ಒರೆಸುತ್ತಿದ್ದಳು. ಅವಳು ಒರೆಸುತ್ತಲೇ ಇದ್ದಳು.

ಆ ತಾಯಿ ಎದ್ದುಹೋಗಿ ಗುಲಾಬಿಯ ಕುಂಡವನ್ನು ತೆಗೆದುಕೊಂಡರು. ಹೂ ನೋಡಲಿಲ್ಲ, ಎಲೆ ನೋಡಲಿಲ್ಲ, ನೇರವಾಗಿ ಕವುಚಿ ತಳ ನೋಡಿದರು. ಬೆರಳಿನಿಂದ ಸುತ್ತನ್ನು ಸವರಿದರು. ಕ್ರೋಶಾ ಬಲ್ಲವರು ಮಾತ್ರ ಹಾಗೆ ನೋಡುತ್ತಾರೆ. ದೊಡ್ಡಮ್ಮ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ನಾನು ಹಾಕಿದ್ರೆ ಸುತ್ತು ಹಿಂಗೆ ಹೋಗುತ್ತೆ" ಎಂದು ಅವರು ಗಾಳಿಯಲ್ಲಿ ಬೆರಳು ತಿರುಗಿಸಿದರು. "ಇದು ಹಂಗೆ ಹೋಗಿದೆ. ನೀನು ಎಡಚೀನಾ ಅಮ್ಮ?"

ಪರದೆಯ ಹಿಂದೆ ನನಗೆ ಸಂತೋಷವಾಯಿತು. ಸುಳ್ಳು ತಾನಾಗಿ ಸಿಕ್ಕಿಬಿದ್ದಿತ್ತು. ಈಗ ಅಕ್ಕ ಅಲ್ಲ ಎನ್ನಬೇಕು, ಹಾಗಾದರೆ ಯಾರು ಎಂದು ಅವರು ಕೇಳಬೇಕು. ನಾನು ಕಾಫಿಯ ಪಾತ್ರೆ ಕೆಳಗಿಟ್ಟು ಸೆರಗಿನಂತೆ ದುಪಟ್ಟಾ ಸರಿಮಾಡಿಕೊಂಡೆ. ದೊಡ್ಡಮ್ಮ ಬಾಯಿ ತೆರೆದಳು. ಅವಳಿಗಿಂತ ಮೊದಲು ಅಕ್ಕ ಹೇಳಿದಳು.

"ಹೌದು."

ದೊಡ್ಡಮ್ಮನಿಗೆ ಕೆಮ್ಮು ಬಂತು.

"ಊಟ?" ಎಂದರು ಆ ತಾಯಿ.

"ಊಟಕ್ಕೆ ಬಲಗೈ, ಬರೆಯೋಕೆ ಬಲಗೈ. ಚಿಕ್ಕೋಳಿದ್ದಾಗಲೇ ತಿದ್ದಿಬಿಟ್ರು. ಇದೊಂದು ಮಾತ್ರ ಎಡಗೈಲೇ ಬರೋದು."

"ತಿದ್ದೋದು ಅಂದ್ರೆ ಹೊಡೆಯೋದು ತಾನೇ? ಪಾಪ, ಎಷ್ಟು ಏಟು ತಿಂದಿದ್ದೀಯೋ."

"ತಿಂದಿದ್ದೀನಿ" ಎಂದು ಅಕ್ಕ ತಲೆ ತಗ್ಗಿಸಿದಳು. "ಕೈಗೆ ಬಟ್ಟೆ ಕಟ್ಟಿ ಗಂಟು ಹಾಕೋರು. ಅಂಗಳದಲ್ಲಿ ಹಂಗೇ ಆಡ್ತಿದ್ದೆ."

ಆ ಹೆಂಗಸು ಅವಳ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು ಸವರಿದರು. "ಎಡಗೈಯಾದ್ರೆ ಏನಂತೆ? ಇಷ್ಟು ಚೆಂದ ಹಾಕೋ ಕೈ. ನಮ್ಮನೇಲಿ ಯಾರೂ ಒಂದು ಮಾತು ಅನ್ನಲ್ಲ. ಮುಚ್ಚಿಡದೆ ಹೇಳಿದೆಯಲ್ಲ, ಅದೇ ನನಗೆ ಹಿಡಿಸ್ತು." ಹಾಗೆಂದು ದೊಡ್ಡಮ್ಮನ ಕಡೆ ತಿರುಗಿ, "ನೀವು ಹಂಗೆಲ್ಲ ಹೊಡೀಬಾರದಿತ್ತು ಬಿಡಿ" ಎಂದರು.

"ತಿಳುವಳಿಕೆ ಇರ್ಲಿಲ್ಲ" ಎಂದು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಹೊಡೆದ ಕೈ ಅದು. ಆ ಏಟಿಗಾಗಿ ಅವಳು ಅತ್ತದ್ದು ಅದೊಂದೇ ದಿನ, ಅದೂ ಅದನ್ನು ತಿನ್ನದೇ ಇದ್ದ ಮಗಳ ಮುಂದೆ.

ಆಮೇಲೆ ಒಂದೆರಡು ವರ್ಷ ನಾನು ಈ ಮಾತುಕತೆಯನ್ನು ಮನಸ್ಸಿನಲ್ಲೇ ಎಷ್ಟು ಸಲ ಕೇಳಿದೆನೋ, ಪ್ರತಿ ಸಲವೂ ಸಿಟ್ಟು ಅಷ್ಟೇ ಇತ್ತು. ಕುಂಡ ಕದ್ದರೆ ಇನ್ನೊಂದು ಹೆಣೆಯಬಹುದು. ನಾನು ತಿಂದ ಏಟು, ನನ್ನ ಕೈಗೆ ಬಿದ್ದ ಗಂಟು, ನನ್ನ ಮೂಟೆಕೈ ಅಂಗಳ, ಇಷ್ಟನ್ನೂ ಅಕ್ಕ ಒಂದೇ ಉಸಿರಿನಲ್ಲಿ ತನ್ನದು ಮಾಡಿಕೊಂಡಳು. ನನ್ನಲ್ಲಿ ದರಿದ್ರವಾಗಿದ್ದುದು ಅವಳ ಮೈಮೇಲೆ ಹೋದ ಕೂಡಲೇ ಒಡವೆಯಾಯಿತು.

ಅವರೆಲ್ಲ ಹೋದ ಮೇಲೆ ಹಿತ್ತಿಲಲ್ಲಿ ಅವಳನ್ನು ಹಿಡಿದೆ.

"ಹಾಕಿದ್ದು ನೀನು ಅಂದೆ, ಹೋಗ್ಲಿ. ಏಟು ತಿಂದಿದ್ದೂ ನೀನೇನಾ?"

"ಬಾಯಿಗೆ ಬಂತು ಕಣೆ. ಇಲ್ಲ ಅಂದಿದ್ರೆ ಅಮ್ಮ ಸುಳ್ಳಿ ಆಗ್ತಿದ್ಲು. ಏನ್ಮಾಡ್ಲಿ ಹೇಳು?"

"ನನ್ನ ತಂಗಿ ಹಾಕಿದ್ದು ಅಂತ ಹೇಳಬಹುದಿತ್ತು."

"ಹೇಳಿದ್ರೆ ನಿನ್ನನ್ನೇ ಒಪ್ಕೊಂಡು ಹೋಗ್ತಿದ್ರು" ಎಂದು ನಕ್ಕಳು. ನಾನು ನಗಲಿಲ್ಲ. ಅವಳೂ ನಿಲ್ಲಿಸಿದಳು. "ನೋಡು, ಆ ಬಟ್ಟೆ ಕಟ್ಟಿದ್ದು ಹೇಳಿದ್ಮೇಲೇ ಅವರ ಮುಖ ಕರಗಿದ್ದು. ಇದು ಏಳನೇ ಗಂಡು ಕಣೆ. ಆರು ಸಲ ಸೀರೆ ಉಟ್ಟು ಕೂತು, ಆರು ಸಲ ಉತ್ತರ ಬರದೆ... ನಿನಗೇನು ಗೊತ್ತು."

ದೊಡ್ಡಮ್ಮ ಬಂದು ನಡುವೆ ನಿಂತಳು. "ಮದುವೆ ಆಗೋವರೆಗೆ ಬಾಯಿ ಮುಚ್ಕೊಂಡಿರು. ಆಮೇಲೆ ಬೇಕಾದ್ರೆ ಡಂಗುರ ಹೊಡಿ."

ಬಾಯಿ ಮುಚ್ಚಿಕೊಂಡಿದ್ದೆ. ಅಕ್ಕನ ಮೇಲಿನ ಕರುಣೆಯಿಂದಲ್ಲ. ಅಮ್ಮ ಆಣೆ ಹಾಕಿಸಿಕೊಂಡಿದ್ದಳು.

ಜನವರಿಯಲ್ಲಿ ಅಕ್ಕ ರಾಗಿಗುಡ್ಡಕ್ಕೆ ಬಂದಳು. ಕೈಯಲ್ಲಿ ಹೊಸ ಕ್ರೋಶಾ ಕಡ್ಡಿ, ಹೊಸ ಉಲ್ಲನ್ನು. ಮದುವೆಗೆ ಒಂದು ತಿಂಗಳಿತ್ತು. ಅವಳ ಅತ್ತೆಯಾಗುವವರು, ಬರುವಾಗ ನಮ್ಮ ದೇವರ ಮನೆಗೊಂದು ಉಲ್ಲನ್ನಿನ ತುಳಸಿ ಗಿಡ ಹಾಕಿಕೊಂಡು ಬಾ ಎಂದು ಹೇಳಿ ಕಳಿಸಿದ್ದರಂತೆ.

"ಎಡಗೈಲಿ ಹಾಕೋದು ಹೇಳ್ಕೊಡೆ. ಅವರ ಮುಂದೆ ಕೂತು ಒಂದು ನಾಲ್ಕು ಸುತ್ತು ಹಾಕಿದ್ರೆ ಸಾಕು."

ಅವಳು ಕಡ್ಡಿಯನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯವಳ ಎಡಗೈ ಎಷ್ಟು ಪೆದ್ದು ಎಂಬುದನ್ನು ಅವತ್ತೇ ಕಣ್ಣಾರೆ ಕಂಡೆ. ಬೆರಳು ಮಡಚುವುದಿಲ್ಲ, ದಾರ ಜಾರುತ್ತದೆ, ಕಡ್ಡಿ ಕೈಬಿಟ್ಟು ನೆಲಕ್ಕೆ ಬೀಳುತ್ತದೆ. ಹತ್ತು ನಿಮಿಷಕ್ಕೆ ಅವಳ ಹಣೆಯಲ್ಲಿ ಬೆವರು. ಬಳಪ ಹಿಡಿದ ನನ್ನ ಬಲಗೈ ಐದನೇ ವಯಸ್ಸಿನಲ್ಲಿ ಹೀಗೇ ಇತ್ತು. ಆಗ ಯಾರೂ ನನಗೆ ಕಾಫಿ ತಂದುಕೊಡಲಿಲ್ಲ. ಅಮ್ಮ ಅವಳಿಗೆ ತಂದುಕೊಟ್ಟಳು.

"ಆಗ್ತಾ ಇಲ್ಲ ಮಾರಾಯ್ತಿ. ತುಳಸಿ ನೀನೇ ಹಾಕ್ಕೊಟ್ಟುಬಿಡು" ಎಂದಳು.

"ಹಾಕಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ."

"ಅತ್ತೆ ಹತ್ರ ಹೋಗಿ ಹೇಳು, ಆ ನಾಲ್ಕೂ ನನ್ನ ತಂಗಿ ಹಾಕಿದ್ದು ಅಂತ. ಹೇಳಿದ ದಿನವೇ ತುಳಸಿ ಹಾಕ್ತೀನಿ, ಕಟ್ಟೆ ಸಮೇತ."

ಅವಳು ಉಲ್ಲನ್ನನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ಮದುವೆ ಆಯಿತು. ನಾನು ಹೋಗಿ ಉಂಡು ಬಂದೆ. ಆ ಭಾನುವಾರಕ್ಕೆಂದು ಒಯ್ದ ನಾಲ್ಕು ಕುಂಡಗಳು ಹಿಂದಕ್ಕೆ ಬರಲಿಲ್ಲ. ಪಾತ್ರೆ, ಹಾಸಿಗೆ, ಗಾದ್ರೇಜು ಬೀರುವಿನ ಜೊತೆ ಲಾರಿಯಲ್ಲಿ ನವುಲೆಗೆ ಹೋದವು.

ಮದುವೆ ಆಗುವವರೆಗೆ ಎಂದಿದ್ದರು. ಆಯಿತಲ್ಲ. ಮೇ ೧೬, ಭಾನುವಾರ, ಅಕ್ಕನನ್ನು ನೋಡಿಕೊಂಡು ಬರುವ ನೆಪದಲ್ಲಿ ಒಂದು ಕೈಚೀಲ ಹಿಡಿದು ಒಬ್ಬಳೇ ನವುಲೆಗೆ ಹೋದೆ. ಅವರ ಮನೆ ಮುಖ್ಯರಸ್ತೆಯಿಂದ ಒಳಗೆ. ಅಕ್ಕ ಬಾಗಿಲು ತೆಗೆದವಳು ನನ್ನ ಮುಖ ನೋಡಿ, "ಈಗ ಬೇಡ ಕಣೆ" ಎಂದು ಪಿಸುಗುಟ್ಟಿದಳು. ಯಾವುದು ಬೇಡ ಎಂದು ನಾನು ಕೇಳಲಿಲ್ಲ.

ಅವಳ ಅತ್ತೆ ಪ್ರೀತಿಯಿಂದಲೇ ಮಾತಾಡಿಸಿದರು. ಮಜ್ಜಿಗೆ ಕೊಟ್ಟರು. ಶೋಕೇಸಿನ ನಡುವಿನ ಅರೆಯಲ್ಲಿ ನನ್ನ ಕುಂಡಗಳಿದ್ದವು. ದಾಸವಾಳಕ್ಕೆ ಯಾರೋ ಮತ್ತೆ ಗಂಜಿ ಹಾಕಿದ್ದರು. ನನಗಿಂತ ಚೆನ್ನಾಗಿ ಹಾಕಿದ್ದರು. ದಳಗಳು ಸೆಟೆದು ನಿಂತಿದ್ದವು.

"ನಿಮ್ಮಕ್ಕನ ಕೈಕೆಲಸ ನೋಡಿದ್ಯಾ?" ಎಂದರು.

"ನೋಡಿದ್ದೀನಿ. ಅದು ಅಕ್ಕ ಹಾಕಿದ್ದಲ್ಲ. ನಾನು ಹಾಕಿದ್ದು. ಏಟು ತಿಂದಿದ್ದೂ ನಾನೇ."

ಇದಕ್ಕಾಗಿ ಆರು ತಿಂಗಳು ಕಾದಿದ್ದೆ. ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅಕ್ಕ ಗೋಡೆಗೆ ಒರಗಿದಳು. ಅವರು ಮಾತ್ರ ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು.

"ಗೊತ್ತಮ್ಮ. ಬಂದ ವಾರದಲ್ಲೇ ಗೊತ್ತಾಯ್ತು. ಎಡಗೈಲಿ ಒಂದು ಗುಂಡಿ ಹಾಕೋಕೆ ಬರಲ್ಲ ಇವಳಿಗೆ."

"ಗೊತ್ತಿದ್ದೂ ನನ್ನನ್ನ ಕೇಳ್ತೀರಲ್ಲ, ನಿಮ್ಮಕ್ಕನ ಕೈಕೆಲಸ ನೋಡಿದ್ಯಾ ಅಂತ?"

"ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ, ಸೊಸೆ ಹಾಕಿದ್ದು ಅಂತ. ನನ್ನ ಅಕ್ಕತಂಗಿಯರಿಗೆಲ್ಲ ತೋರಿಸಿದ್ದೀನಿ. ಈಗ ಅಲ್ಲ ಅಂದ್ರೆ ಮನೆ ಮರ್ಯಾದೆ ಏನಾಗುತ್ತೆ? ನೀನು ಜಾಣೆ ಇದ್ದೀಯ. ನಿನಗೇನು, ಬೇಕಾದಷ್ಟು ಹಾಕ್ಕೊಳ್ತೀಯ."

ಅಂದು ಭದ್ರಾವತಿಯಲ್ಲಿ, ಮುಚ್ಚಿಡದೆ ಹೇಳಿದೆಯಲ್ಲ ಎಂದು ಮೆಚ್ಚಿಕೊಂಡಿದ್ದ ಬಾಯಿ ಇದು. ತಳ ನೋಡಿ ಕೈ ಗುರುತು ಹಿಡಿಯಬಲ್ಲ ಹೆಂಗಸು, ನಾನು ಒಂದು ಮಾತಿಗಾಗಿ ಕಾದುಕೊಂಡಿದ್ದ ಒಬ್ಬರೇ ಒಬ್ಬರು. ಗೊತ್ತಾದ ಮೇಲೂ ಅವರಿಗೆ ಸುಳ್ಳೇ ಅನುಕೂಲವಾಗಿತ್ತು.

ನಾನು ಎದ್ದು ಶೋಕೇಸಿನ ಗಾಜು ಸರಿಸಿದೆ. ಎಡಗೈಯಿಂದಲೇ ಸರಿಸಿದೆ. ಕಳ್ಳಿ, ಲೋಳೆಸರ, ಗುಲಾಬಿ ಮೂರನ್ನೂ ಕೈಚೀಲಕ್ಕೆ ಹಾಕಿಕೊಂಡೆ. ದಾಸವಾಳಕ್ಕೆ ಕೈ ಹಾಕುವಷ್ಟರಲ್ಲಿ ಅವರು ಅದನ್ನು ಎತ್ತಿಕೊಂಡು ಎದೆಗೆ ಹಿಡಿದರು.

"ಒಂದಾದ್ರೂ ಇರ್ಲಿ ಬಿಡು. ಪೂರಾ ಖಾಲಿ ಮಾಡಿದ್ರೆ ಬಂದೋರು ಕೇಳ್ತಾರೆ."

"ಕೇಳಿದ್ರೆ ಯಾರು ಹಾಕಿದ್ದು ಅಂತ ಹೇಳ್ತೀರಿ?"

ಅವರು ಕುಂಡವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು. ವಯಸ್ಸಾದವರ ಕೈಯಿಂದ ಕಿತ್ತುಕೊಳ್ಳಲು ನನಗೆ ಆಗಲಿಲ್ಲ. ಅಕ್ಕ ಗೇಟಿನವರೆಗೆ ಬಂದಳು. ಅಳುತ್ತಿದ್ದಳೋ ಬೈಯುತ್ತಿದ್ದಳೋ, ನಾನು ತಿರುಗಿ ನೋಡಲಿಲ್ಲ.

ದೊಡ್ಡಮ್ಮ ಅಂದಿನಿಂದ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಅಕ್ಕನ ಮಗುವಿನ ನಾಮಕರಣಕ್ಕೆ ಅಮ್ಮನನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಉಲ್ಲನ್ ಗಿಡಕ್ಕೋಸ್ಕರ ರಕ್ತಸಂಬಂಧ ಕಡಿದುಕೊಂಡವಳು ಎಂದು ನೆಂಟರಲ್ಲಿ ನನಗೆ ಹೆಸರು ಬಂದಿದೆ. ಅಮ್ಮನೂ ಮೊದಮೊದಲು ಅದನ್ನೇ ಹೇಳುತ್ತಿದ್ದಳು. ಈಗ ಯಾರಾದರೂ ಮನೆಗೆ ಬಂದು ಟೀವಿಯ ಮೇಲಿನದನ್ನು ಯಾರು ಹಾಕಿದ್ದೆಂದು ಕೇಳಿದರೆ, "ಇವಳೇ, ಎಡಗೈಲಿ" ಎನ್ನುತ್ತಾಳೆ. ಸ್ವಲ್ಪ ಸಿಡುಕಿನಿಂದಲೇ ಹೇಳುತ್ತಾಳೆ. ಹೇಳುತ್ತಾಳಲ್ಲ, ನನಗೆ ಅಷ್ಟು ಸಾಕು. ಆ ನಾಲ್ಕನೆಯದು ನವುಲೆಯಲ್ಲಿ ಯಾರ ಹೆಸರಿನಲ್ಲಿದೆಯೋ ಗೊತ್ತಿಲ್ಲ. ಅದನ್ನು ಯೋಚಿಸಿದಾಗೆಲ್ಲ ಇವತ್ತಿಗೂ ಮೈ ಉರಿಯುತ್ತದೆ.

ಇದು ೨೦೦೧. ಕನ್ನಡದಲ್ಲಿ ಬಂದ ಕ್ರೋಶಾ ವಿಧಾನಗಳನ್ನು ಸಿಕ್ಕಲ್ಲೆಲ್ಲ ನೋಡಿ ಗುರುತು ಹಾಕಿಕೊಳ್ಳುತ್ತಾ ಬಂದಿದ್ದೇನೆ. ಎಡಗೈಯವರಿಗೆ ಎಂದು ಬರೆದದ್ದು ಇನ್ನೂ ಒಂದೂ ಸಿಕ್ಕಿಲ್ಲ. ಎಲ್ಲವನ್ನೂ ನಾನೇ ತಿರುಗಿಸಿಕೊಳ್ಳುತ್ತಿದ್ದೇನೆ. ಎಲೆಯ ತುದಿಯಲ್ಲಿ ಹೊರಳುವಾಗಲೂ ದಳಗಳನ್ನು ಒಂದಕ್ಕೊಂದು ಸೇರಿಸುವಾಗಲೂ ಈಗಲೂ ತಪ್ಪುತ್ತೇನೆ. ಆದ್ದರಿಂದ ಓದಿದವರಲ್ಲಿ ಯಾರಾದರೂ ಎಡಗೈಯಲ್ಲಿ ಹೆಣೆಯುತ್ತಿದ್ದರೆ, ನಿಮ್ಮ ಅಜ್ಜಿಯೋ ಅತ್ತೆಯೋ ಬಾಗಿಲು ಹಾಕಿಕೊಂಡು ಹಾಗೆ ಹೆಣೆಯುತ್ತಿದ್ದುದು ನಿಮಗೆ ನೆನಪಿದ್ದರೆ, ಅವರು ಹೇಗೆ ಕಲಿತರು, ಹೊರಳುವಲ್ಲಿ ಏನು ಮಾಡುತ್ತಿದ್ದರು ಎಂದು ದಯವಿಟ್ಟು ಬರೆದು ತಿಳಿಸಿ. ಹೆಣೆದವರು ಯಾರೆಂಬುದನ್ನೂ ತಪ್ಪದೆ ಬರೆಯಿರಿ.